ಮನೆಯ ಸ್ವಯಂಚಾಲನೆ

ದೀಪ, ಫ್ಯಾನು, ಪಂಪು, ಬೀಗ ಮೊದಲಾದವು ಹೊತ್ತು, ಬೆಳಕು, ಚಲನೆ ಅಥವಾ ನೀರಿನ ಮಟ್ಟಕ್ಕೆ ತಕ್ಕಂತೆ ತಾವೇ ಕೆಲಸ ಮಾಡುವ ವ್ಯವಸ್ಥೆ. ಮನೆಯ ವಿದ್ಯುತ್ ತಂತಿಗಳ ಮೂಲಕವೇ ಸಂಕೇತ ಕಳಿಸುವ ಎಕ್ಸ್-10 ಪದ್ಧತಿ 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡಿತು. ಈಗ ವೈಫೈ, ಜಿಗ್‌ಬೀ ಎಂಬ ನಿಸ್ತಂತು ಪದ್ಧತಿಗಳು ಬಳಕೆಯಲ್ಲಿವೆ. ಬೇರೆ ಬೇರೆ ಕಂಪನಿಗಳ ಉಪಕರಣಗಳನ್ನು ಒಂದಕ್ಕೊಂದು ಹೊಂದಿಸುವ ಮ್ಯಾಟರ್ ಮಾನದಂಡ 2022ರಲ್ಲಿ ಬಂತು.

ಕರ್ನಾಟಕದ ಪಟ್ಟಣಗಳ ಮನೆಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ನೀರಿನ ಮೋಟಾರಿನ ಸ್ವಯಂಚಾಲನೆ. ಸಂಪಿನಲ್ಲೂ ಮೇಲಿನ ಟ್ಯಾಂಕಿನಲ್ಲೂ ಸೆನ್ಸರ್‌ಗಳಿರುತ್ತವೆ. ಟ್ಯಾಂಕಿನ ನೀರು ಕೆಳಮಟ್ಟಕ್ಕೆ ಇಳಿದಾಗ ಮೋಟಾರು ಶುರುವಾಗುತ್ತದೆ, ತುಂಬಿದಾಗ ನಿಲ್ಲುತ್ತದೆ. ಈ ಎರಡು ಮಟ್ಟಗಳ ನಡುವೆ ಸಾಕಷ್ಟು ಅಂತರವಿಲ್ಲದಿದ್ದರೆ ಮೋಟಾರು ಪದೇ ಪದೇ ಶುರುವಾಗಿ ನಿಂತು ಬೇಗ ಕೆಡುತ್ತದೆ. ಸಂಪು ಬರಿದಾಗಿದ್ದಾಗ ಪಂಪು ಓಡದಂತೆ ತಡೆಯುವುದು ಇನ್ನೂ ಮುಖ್ಯ: ನೀರಿಲ್ಲದೆ ಓಡಿದ ಪಂಪಿನ ಸೀಲು ಕಾದು ಹಾಳಾಗುತ್ತದೆ. ಇಷ್ಟಕ್ಕೆಲ್ಲ ಇಂಟರ್ನೆಟ್ಟೂ ಬೇಡ, ಫೋನೂ ಬೇಡ.

ಮೆಟ್ಟಿಲ ದೀಪಕ್ಕೆ ಚಲನೆಯ ಸೆನ್ಸರ್, ಗೇಟಿನ ದೀಪಕ್ಕೆ ಬೆಳಕಿನ ಸೆನ್ಸರ್ ಸಾಕು. ಮಾತಿಗೆ ಓಗೊಟ್ಟು ಸರಿಯುವ ಕಿಟಕಿ ಪರದೆಗಳು, ನಡೆದಾಡಲು ಕಷ್ಟವಿರುವವರ ಮನೆ ಬಿಟ್ಟರೆ, ಬಹುಮಟ್ಟಿಗೆ ಶೋಕಿ. ಯಾವುದನ್ನು ಅಳವಡಿಸಿದರೂ ಕೈಯಲ್ಲಿ ಒತ್ತುವ ಸ್ವಿಚ್ಚನ್ನು ತೆಗೆಯಬಾರದು. ಏಕೆಂದರೆ ಕರೆಂಟು ಹೋಗಿ ಬಂದಾಗ ಕೆಲವು ಸ್ಮಾರ್ಟ್ ಬಲ್ಬುಗಳು ನಡುರಾತ್ರಿಯಲ್ಲೂ ತಾವಾಗಿಯೇ ಹೊತ್ತಿಕೊಳ್ಳುತ್ತವೆ.