ಹಳ್ಳಿ ಹುಡುಗರು ಡಾಕ್ಟರ್ ಆದ ಮೇಲೆ ಊರು ಮರೆಯುತ್ತಾರಾ? ಫಾರ್ವರ್ಡ್ ಮೆಸೇಜ್ ಹೇಳದ ಸಂಗತಿಗಳು

ಮೆಡಿಕಲ್ ಸೀಟು ಹಂಚಿಕೆಯ ಸಮಯ ಬಂದರೆ ಸಾಕು, ಮೊಬೈಲ್‌ಗೆ ಒಂದು ಮೆಸೇಜ್ ಬಂದು ಬೀಳುತ್ತದೆ. ಒಕ್ಕಣೆ ಬೇರೆ ಬೇರೆ ಇದ್ದರೂ ಸಾರಾಂಶ ಒಂದೇ: "ಹಳ್ಳಿಯವರು, ಬಡವರು, ಹಿಂದುಳಿದವರು ಎಂದು ಸೀಟು ಕೊಟ್ಟು ಏನು ಪ್ರಯೋಜನ? ಓದು ಮುಗಿದ ಮೇಲೆ ಅವರೂ ಪಟ್ಟಣ ಸೇರುತ್ತಾರೆ. ಹಳ್ಳಿಯ ಆಸ್ಪತ್ರೆ ಖಾಲಿಯೇ ಇರುತ್ತದೆ."

ಕೇಳಲು ಸರಿ ಅನಿಸುವ ಮಾತು. ಎಷ್ಟೋ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಕುರ್ಚಿ ಖಾಲಿ ಇರುವುದನ್ನು ನಾವೇ ನೋಡಿದ್ದೇವೆ. ಆದರೆ ಈ ಪ್ರಶ್ನೆಯನ್ನು ಹಲವು ದೇಶಗಳಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ಬಂದ ಉತ್ತರ ಮೆಸೇಜಿಗೆ ವಿರುದ್ಧವಾಗಿದೆ.

ಚುಟುಕಾಗಿ ಹೇಳುವುದಾದರೆ:

ಹೇಳಿಕೆ: ಹಳ್ಳಿ ಮತ್ತು ಬಡ ಕುಟುಂಬಗಳಿಂದ ಬಂದ ವೈದ್ಯ ವಿದ್ಯಾರ್ಥಿಗಳು ಓದಿದ ಮೇಲೆ ಹಳ್ಳಿಗೆ ಮರಳುವುದಿಲ್ಲ.

ನಿಜಾಂಶ: ಎಲ್ಲರೂ ಮರಳುವುದಿಲ್ಲ, ಅದು ಸರಿ. ಆದರೆ ಡಾಕ್ಟರ್ ಇಲ್ಲದ ಊರಿಗೆ ಹೋಗಿ ನೆಲೆ ನಿಲ್ಲುವ ಸಾಧ್ಯತೆ ಹೆಚ್ಚು ಇರುವುದು ಅಂಥ ಊರಿನಿಂದ ಬಂದವರಲ್ಲೇ.

ಲೆಕ್ಕ ಏನು ಹೇಳುತ್ತದೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜೆಫರ್ಸನ್ ಮೆಡಿಕಲ್ ಕಾಲೇಜು 1974ರಲ್ಲಿ ಒಂದು ಯೋಜನೆ ಶುರು ಮಾಡಿತು. ಹಳ್ಳಿ ಅಥವಾ ಸಣ್ಣ ಪಟ್ಟಣದಲ್ಲಿ ಬೆಳೆದ, ಅಂಥ ಕಡೆಯೇ ಕುಟುಂಬ ವೈದ್ಯರಾಗಿ ಕೆಲಸ ಮಾಡುವ ಆಸೆ ಇರುವ ವಿದ್ಯಾರ್ಥಿಗಳನ್ನು ಹುಡುಕಿ ಸೇರಿಸಿಕೊಳ್ಳುವುದು, ಓದಿನ ಒಂದು ಭಾಗವನ್ನು ಸಣ್ಣ ಊರಿನಲ್ಲೇ ಮಾಡಿಸುವುದು ಅದರ ಕ್ರಮ.

ಈ ಯೋಜನೆಯಲ್ಲಿ ಓದಿ ಹೊರಬಂದವರ ಲೆಕ್ಕ 1999ರಲ್ಲಿ ಪ್ರಕಟವಾಯಿತು. ರಾಜ್ಯದ ಏಳು ಮೆಡಿಕಲ್ ಕಾಲೇಜುಗಳಿಂದ ಪಾಸಾದವರಲ್ಲಿ ಈ ಯೋಜನೆಯವರು ನೂರಕ್ಕೆ ಒಬ್ಬರು ಮಾತ್ರ. ಆದರೆ ಆ ಕಾಲೇಜುಗಳಲ್ಲಿ ಓದಿ ರಾಜ್ಯದ ಗ್ರಾಮೀಣ ಭಾಗದಲ್ಲಿ ಕುಟುಂಬ ವೈದ್ಯರಾಗಿದ್ದವರಲ್ಲಿ ನೂರಕ್ಕೆ 21 ಮಂದಿ ಇವರೇ.

ಇದೊಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ಮಾರ್ಗಸೂಚಿ ಹೊರಡಿಸಿತು, 2021ರಲ್ಲಿ ಅದನ್ನು ಪರಿಷ್ಕರಿಸಿತು. ಹಳ್ಳಿಗಾಡಿನ ಹಿನ್ನೆಲೆಯ ವಿದ್ಯಾರ್ಥಿಗಳನ್ನು ವೈದ್ಯಕೀಯ ಕೋರ್ಸುಗಳಿಗೆ ಸೇರಿಸಿಕೊಳ್ಳಿ ಎಂಬುದು ಎರಡರಲ್ಲೂ ಇರುವ ಸಲಹೆ.

ಊರಿನವರೇ ಕಟ್ಟಿದ ಆಸ್ಪತ್ರೆ

ಅಂಕಿ ಅಂಶದಿಂದ ಈಗ ಒಬ್ಬ ವಿದ್ಯಾರ್ಥಿಯ ಕಡೆಗೆ ಬರೋಣ. 1998ರಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್, ನಿಕರಾಗುವಾ ದೇಶಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿಗೆ ತನ್ನ ವೈದ್ಯರನ್ನು ಕಳಿಸಿದ ಕ್ಯೂಬಾ, ಮರುವರ್ಷ ಹವಾನಾದಲ್ಲಿ ಒಂದು ಮೆಡಿಕಲ್ ಕಾಲೇಜನ್ನೇ ತೆರೆಯಿತು. ಮೊದಲು ಅದು ನೌಕಾಪಡೆಯ ತರಬೇತಿ ಶಾಲೆಯಾಗಿದ್ದ ಜಾಗ. ಹೊರದೇಶಗಳ ಬಡ ಕುಟುಂಬಗಳ ಮಕ್ಕಳಿಗೆ ಅಲ್ಲಿ ಫೀಸಿಲ್ಲದೆ ಓದು. ಪ್ರತಿಯಾಗಿ ಕೇಳುತ್ತಿದ್ದದ್ದು ಒಂದು ಮಾತು: ಓದು ಮುಗಿದ ಮೇಲೆ ಡಾಕ್ಟರ್ ಇಲ್ಲದ ಜನರ ಬಳಿಗೆ ಹೋಗಬೇಕು.

ಅಲ್ಲಿ ಓದಿ 2005ರ ಮೊದಲ ತಂಡದಲ್ಲಿ ಹೊರಬಂದವರಲ್ಲಿ ಲೂಥರ್ ಕಾಸ್ಟಿಲೊ ಒಬ್ಬರು. ಅವರು ಹೊಂಡುರಾಸ್‌ನ ಗರಿಫುನಾ ಸಮುದಾಯದವರು. ಆಫ್ರಿಕನ್ ಮತ್ತು ಸ್ಥಳೀಯ ಮೂಲನಿವಾಸಿ ಬೇರುಗಳಿರುವ, ಸ್ವಂತ ಭಾಷೆಯಿರುವ ಈ ಜನ ಸಮುದ್ರದಂಚಿನ ಹಳ್ಳಿಗಳಲ್ಲಿ ವಾಸಿಸುತ್ತಾರೆ. ಪಟ್ಟಣದ ಆಸ್ಪತ್ರೆ ಅವರಿಗೆ ದೂರ.

ಕಾಸ್ಟಿಲೊ ಮತ್ತು ಅದೇ ಸಮುದಾಯದ ಗೆಳೆಯರು ಊರಿಗೆ ಮರಳಿದರು. ಊರಿನವರು ಕೈಜೋಡಿಸಿದರು. 2007ರಲ್ಲಿ ಸಿರಿಬೋಯಾ ಎಂಬ ಹಳ್ಳಿಯಲ್ಲಿ ಗರಿಫುನಾ ಜನರ ಮೊದಲ ಆಸ್ಪತ್ರೆ ಬಾಗಿಲು ತೆರೆಯಿತು. ಅದೇ ಕಾಸ್ಟಿಲೊ 2022ರಲ್ಲಿ ಹೊಂಡುರಾಸ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರೂ ಆದರು.

ಡಾಕ್ಟರ್ ನಮ್ಮವರು ಅನಿಸಿದರೆ ಏನಾಗುತ್ತದೆ?

"ಡಾಕ್ಟರ್ ಯಾರಾದರೇನು, ಮಾತ್ರೆ ಒಂದೇ ತಾನೇ?" ಎಂದು ಕೇಳಬಹುದು. ಮಾತ್ರೆ ಒಂದೇ. ಆದರೆ ರೋಗಿ ಬಾಯಿ ಬಿಟ್ಟು ಹೇಳಿಕೊಳ್ಳಬೇಕು, ಹೇಳಿದ ಪರೀಕ್ಷೆಗೆ ಒಪ್ಪಬೇಕು.

ಅಮೆರಿಕದ ಓಕ್‌ಲ್ಯಾಂಡ್ ನಗರದಲ್ಲಿ ಇದನ್ನು ಪರೀಕ್ಷಿಸಿದರು. ಕ್ಷೌರದ ಅಂಗಡಿ, ಸಂತೆಗಳಲ್ಲಿ ಸುಮಾರು 1,300 ಕಪ್ಪು ವರ್ಣೀಯ ಗಂಡಸರನ್ನು ಭೇಟಿಯಾಗಿ ಉಚಿತ ತಪಾಸಣೆಗೆ ಕರೆದರು. ಬಂದವರಿಗೆ ಚೀಟಿ ಎತ್ತಿದ ಹಾಗೆ, ಕೆಲವರಿಗೆ ಕಪ್ಪು ವರ್ಣೀಯ ಡಾಕ್ಟರ್, ಕೆಲವರಿಗೆ ಬೇರೆ ಡಾಕ್ಟರ್ ಸಿಗುವಂತೆ ಮಾಡಿದರು. ಡಾಕ್ಟರ್ ಫೋಟೊ ಮಾತ್ರ ತೋರಿಸಿ "ಯಾವ ಪರೀಕ್ಷೆ ಮಾಡಿಸಿಕೊಳ್ಳುತ್ತೀರಿ?" ಎಂದು ಕೇಳಿದಾಗ ಎರಡೂ ಗುಂಪಿನಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಎದುರು ಕೂತು ಮಾತಾಡಿದ ಮೇಲೆ ಚಿತ್ರ ಬದಲಾಯಿತು. ತಮ್ಮವರೇ ಆದ ಡಾಕ್ಟರನ್ನು ಕಂಡವರು ಶುಗರ್, ಕೊಲೆಸ್ಟ್ರಾಲ್‌ನಂಥ ಪರೀಕ್ಷೆಗಳಿಗೆ ಹೆಚ್ಚು ಒಪ್ಪಿದರು. ಸೂಜಿ ಚುಚ್ಚಿ ರಕ್ತ ತೆಗೆಯುವ ಪರೀಕ್ಷೆಗಳಲ್ಲಿ ವ್ಯತ್ಯಾಸ ಎದ್ದು ಕಂಡಿತು.

ನಮಗೂ ಇದು ಹೊಸದಲ್ಲ. "ಕೈಕಾಲು ಜೋಮು ಹಿಡಿಯುತ್ತೆ", "ತಲೆ ಗಿರ್ ಅನ್ನುತ್ತೆ" ಎಂದ ಕೂಡಲೇ ಅರ್ಥ ಮಾಡಿಕೊಳ್ಳುವ ಡಾಕ್ಟರ್ ಎದುರು ಅಜ್ಜಿ ಹತ್ತು ಮಾತು ಹೆಚ್ಚು ಆಡುತ್ತಾರೆ. ಆ ಹತ್ತು ಮಾತಿನಲ್ಲಿ ರೋಗದ ಸುಳಿವು ಇರುತ್ತದೆ.

ಹಾಗಾದರೆ ಪಟ್ಟಣದವರು ಹೋಗುವುದೇ ಇಲ್ಲವೇ?

ಹೋಗುತ್ತಾರೆ. ಆದರೆ ಅಂಥವರ ಕಥೆಯಲ್ಲೂ ಒಂದು ಸಮಾನ ಅಂಶ ಕಾಣುತ್ತದೆ: ವಿದ್ಯಾರ್ಥಿಗಳಾಗಿದ್ದಾಗಲೇ ಅವರು ಬಡವರ ಬದುಕನ್ನು ಹತ್ತಿರದಿಂದ ನೋಡಿರುತ್ತಾರೆ.

ಜಾಕ್ ಗೈಗರ್ ನ್ಯೂಯಾರ್ಕ್ ನಗರದವರು. 1957ರಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಆಫ್ರಿಕಾದ ಫೊಲೆಲಾ ಎಂಬ ಗ್ರಾಮೀಣ ಪ್ರದೇಶದ ಆರೋಗ್ಯ ಕೇಂದ್ರದಲ್ಲಿ ಕೆಲ ತಿಂಗಳು ಕಲಿತರು. ಅಲ್ಲಿ ಔಷಧದ ಜೊತೆಗೆ ಕೈತೋಟ, ಶೌಚಾಲಯ, ಕುಡಿಯುವ ನೀರು ಕೂಡ ಡಾಕ್ಟರ ಕೆಲಸವಾಗಿತ್ತು. ಹತ್ತು ವರ್ಷದ ನಂತರ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮೌಂಡ್ ಬಯೂ ಎಂಬಲ್ಲಿ ಬಡ ಕಪ್ಪು ವರ್ಣೀಯ ಕೂಲಿಕಾರರಿಗಾಗಿ ಅಂಥದೇ ಕೇಂದ್ರ ತೆರೆದರು. ಹಸಿವಿನಿಂದ ಸೊರಗಿದ ಮಕ್ಕಳಿಗೆ ಅಲ್ಲಿನ ಡಾಕ್ಟರುಗಳು ಚೀಟಿಯಲ್ಲಿ ಹಾಲು, ಮಾಂಸ, ತರಕಾರಿ ಎಂದು ಬರೆದರು. ಅಂಗಡಿಯವರು ಚೀಟಿ ನೋಡಿ ಆಹಾರ ಕೊಟ್ಟರು, ಬಿಲ್ಲು ಔಷಧದ ಲೆಕ್ಕಕ್ಕೆ ಹೋಯಿತು. ಸರ್ಕಾರದ ಕಡೆಯಿಂದ ಆಕ್ಷೇಪ ಬಂದಾಗ ಗೈಗರ್ ಕೊಟ್ಟ ಉತ್ತರದ ಸಾರ ಇಷ್ಟು: ಅಪೌಷ್ಟಿಕತೆಗೆ ಔಷಧ ಎಂದರೆ ಊಟವೇ.

ಅಷ್ಟು ದೂರ ಹೋಗುವುದೂ ಬೇಡ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು, ಇನ್ನೂ ವಿದ್ಯಾರ್ಥಿಗಳಾಗಿದ್ದಾಗಲೇ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಬಡ ರೋಗಿಗಳಿಗೆ ಔಷಧ ಹೊಂದಿಸುವುದು, ರಕ್ತದಾನ ಮಾಡಿಸುವುದು ಮೊದಲ ಕೆಲಸಗಳು. ಓದು ಮುಗಿದ ಮೇಲೆ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಹೋದರು. ಕಾಡಿನಿಂದ ಎತ್ತಂಗಡಿಯಾದ ಜೇನುಕುರುಬ, ಕಾಡುಕುರುಬ ಕುಟುಂಬಗಳು ಅಲ್ಲಿನ ಹಾಡಿಗಳಲ್ಲಿದ್ದವು. ಬ್ರಹ್ಮಗಿರಿ ಹಾಡಿಯ ಸಣ್ಣ ಚಿಕಿತ್ಸಾಲಯದಿಂದ ಶುರುವಾದ ಕೆಲಸ ಕೆಂಚನಹಳ್ಳಿ, ಸರಗೂರಿನ ಆಸ್ಪತ್ರೆಗಳವರೆಗೆ, ಹೊಸಹಳ್ಳಿಯ ಆದಿವಾಸಿ ಮಕ್ಕಳ ಶಾಲೆಯವರೆಗೆ ಬೆಳೆಯಿತು.

"ಆದರೂ ಎಷ್ಟೋ ಜನ ವಾಪಸ್ ಬರುವುದಿಲ್ಲವಲ್ಲ?"

ನಿಜ. ಅದಕ್ಕೆ ಊರ ಮೇಲೆ ಪ್ರೀತಿ ಇಲ್ಲದ್ದೇ ಕಾರಣ ಎನ್ನುವುದು ಅವಸರದ ತೀರ್ಪು. ವಾಸಕ್ಕೆ ಮನೆ, ಮಕ್ಕಳಿಗೆ ಶಾಲೆ, ರಾತ್ರಿ ಪಾಳಿಯಲ್ಲಿ ಭದ್ರತೆ, ಜೊತೆಗೆ ನರ್ಸ್, ಲ್ಯಾಬ್, ಔಷಧ ಇಲ್ಲದ ಕಡೆ ಯಾರೂ ಬಹಳ ದಿನ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ ವೈದ್ಯಕೀಯ ಪದವಿ ಮುಗಿಸಿದವರಿಗೆ ಕಡ್ಡಾಯ ಸೇವೆಯ ಕಾಯ್ದೆ 2015ರಲ್ಲಿ ಜಾರಿಗೆ ಬಂತು. ಕಡ್ಡಾಯ ಸೇವೆ ಒಬ್ಬರನ್ನು ಒಂದು ವರ್ಷ ಕರೆತರಬಹುದು, ಆಮೇಲೂ ಉಳಿಸಿಕೊಳ್ಳಲು ಸೌಲಭ್ಯ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ: ಹಳ್ಳಿಯ ವಿದ್ಯಾರ್ಥಿಗಳಿಗೆ ಸೀಟು, ಹಳ್ಳಿಯಲ್ಲೇ ತರಬೇತಿ, ವಿದ್ಯಾರ್ಥಿವೇತನ, ಒಳ್ಳೆಯ ವಸತಿ ಎಲ್ಲವೂ ಒಟ್ಟಿಗೆ ಸಿಗಬೇಕು.

ಇನ್ನೊಂದು ಅನುಮಾನವನ್ನೂ ಇಲ್ಲೇ ಬಗೆಹರಿಸಿಕೊಳ್ಳೋಣ. ಸೀಟು ಯಾವ ದಾರಿಯಲ್ಲಿ ಸಿಕ್ಕಿದ್ದರೂ ಡಾಕ್ಟರ್ ಆಗಲು ಬರೆಯಬೇಕಾದ ವಿಶ್ವವಿದ್ಯಾಲಯದ ಪರೀಕ್ಷೆ ಎಲ್ಲರಿಗೂ ಒಂದೇ. ಪಾಸಾಗಲು ಬೇಕಾದ ಅಂಕವೂ ಒಂದೇ.

ನಿಮ್ಮ ಮನೆ ಬಾಗಿಲಿಗೆ ವೈದ್ಯ ವಿದ್ಯಾರ್ಥಿ ಬಂದರೆ

ಈಗ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯದ ಮೇಲೆ ನಿಗಾ ಇಡುವ ಕಾರ್ಯಕ್ರಮ ದೇಶದಾದ್ಯಂತ ಪಠ್ಯದ ಭಾಗವಾಗಿದೆ. ಅವರು ಬಂದಾಗ "ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ" ಎಂದು ಹೆದರಬೇಡಿ. ಇಷ್ಟು ನೆನಪಿಡಿ:

• ಬಿಪಿ ನೋಡುವುದು, ತೂಕ ಅಳೆಯುವುದು, ಲಸಿಕೆ, ಆಹಾರದ ಬಗ್ಗೆ ವಿಚಾರಿಸುವುದು ಅವರ ಕಲಿಕೆಯ ಭಾಗ.

• ವಿದ್ಯಾರ್ಥಿ ತಾನೇ ಔಷಧ ಬರೆದುಕೊಡುವಂತಿಲ್ಲ. ಚಿಕಿತ್ಸೆ ಏನಿದ್ದರೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲೇ ಆಗಬೇಕು.

• ಯಾವ ಕಾಲೇಜು, ಜೊತೆಗೆ ಬಂದ ವೈದ್ಯರು ಯಾರು ಎಂದು ಕೇಳಿ. ಗುರುತಿನ ಚೀಟಿ ನೋಡಿ. ಬೇಡ ಅನಿಸಿದರೆ ಬೇಡ ಎನ್ನುವ ಹಕ್ಕು ನಿಮಗಿದೆ.

• ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಹಳೆಯ ರಿಪೋರ್ಟ್ ತೋರಿಸಿ. ತೊಂದರೆಯನ್ನು ನಿಮ್ಮ ಮಾತಿನಲ್ಲೇ ಹೇಳಿ.

ನಿಮ್ಮೊಂದಿಗೆ ಅರ್ಧ ಗಂಟೆ ಕೂತು ಮಾತಾಡಿದ ಆ ಹುಡುಗಿಯೋ ಹುಡುಗನೋ ಮುಂದೆ ಯಾವುದೋ ಹಳ್ಳಿಯ ಖಾಲಿ ಕುರ್ಚಿಯಲ್ಲಿ ಕೂರಬಹುದು. ನಿಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಇಷ್ಟಪಡುವ ಒಂದು ಮಗು ಈಗಲೂ ಇರಬಹುದು. "ನಿನ್ನಂಥವರು ಡಾಕ್ಟರ್ ಆಗಿ ಏನು ಪ್ರಯೋಜನ" ಎನ್ನುವ ಮೆಸೇಜ್ ಆ ಮಗುವಿನ ಮನೆಯ ಮೊಬೈಲ್‌ಗೂ ತಲುಪುತ್ತದೆ. ಅದನ್ನು ಮುಂದಕ್ಕೆ ಕಳಿಸುವ ಮುನ್ನ ಒಮ್ಮೆ ಯೋಚಿಸಿ. ಕಳಿಸಲೇಬೇಕು ಅನಿಸಿದರೆ, ಸಿರಿಬೋಯಾದ ಆಸ್ಪತ್ರೆಯ ಕಥೆ ಕಳಿಸಿ.