ಧೂಮಪಾನಿ ಮಹಿಳೆಯರಲ್ಲಿ ಶ್ವಾಸಕೋಶ ಕ್ಯಾನ್ಸರ್: ಜನಾಂಗೀಯ ವ್ಯತ್ಯಾಸ

ಸಮಪ್ರಮಾಣದಲ್ಲಿ ಸಿಗರೇಟು ಸೇದುವ ಮಹಿಳೆಯರಿಗೆ ಶ್ವಾಸಕೋಶ ಕ್ಯಾನ್ಸರಿನ ಅಪಾಯವು ಎಲ್ಲ ಜನಾಂಗಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಅಮೆರಿಕದ ಹವಾಯಿ ಮತ್ತು ಲಾಸ್ ಏಂಜಲೀಸ್‌ಗಳಲ್ಲಿ 1993–96ರಲ್ಲಿ ಆರಂಭವಾದ 'ಮಲ್ಟಿಎತ್ನಿಕ್ ಕೋಹಾರ್ಟ್' ಅಧ್ಯಯನದಲ್ಲಿ 2,15,000ಕ್ಕೂ ಹೆಚ್ಚು ಸ್ತ್ರೀಪುರುಷರು ಸೇರಿದ್ದಾರೆ. 2006ರಲ್ಲಿ ಪ್ರಕಟವಾದ ಇದರ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 30 ಸಿಗರೇಟುಗಳವರೆಗೆ ಸೇದುವವರ ಪೈಕಿ ಆಫ್ರಿಕನ್ ಅಮೆರಿಕನ್ನರಿಗೂ ಹವಾಯಿಯ ಮೂಲನಿವಾಸಿಗಳಿಗೂ ಬಿಳಿಯರು, ಜಪಾನಿ ಮೂಲದವರು ಹಾಗೂ ಲ್ಯಾಟಿನೊ ಜನರಿಗಿಂತ ಅಪಾಯ ಅಧಿಕ. ಪುರುಷರಂತೆಯೇ ಮಹಿಳೆಯರಲ್ಲಿಯೂ ಈ ಅಂತರ ಕಂಡುಬಂದಿತು.

ಆಹಾರ, ವೃತ್ತಿ, ಶಿಕ್ಷಣಗಳ ಭೇದವು ಇದನ್ನು ವಿವರಿಸಲಿಲ್ಲ. ನಿಕೋಟಿನ್ ವಿಭಜಿಸುವ ಸಿವೈಪಿ2ಎ6 ಕಿಣ್ವದ ಚಟುವಟಿಕೆ ಜಪಾನಿ ಮೂಲದವರಲ್ಲಿ ಸರಾಸರಿ ಕಡಿಮೆಯಿರುವುದು ಒಂದು ಕಾರಣವೆಂದು ಭಾವಿಸಲಾಗಿದೆ. ದಿನಕ್ಕೆ 30 ಸಿಗರೇಟು ಮೀರಿದವರಲ್ಲಿ ಜನಾಂಗಗಳ ನಡುವಿನ ಅಂತರ ಗಣನೀಯವಾಗಿರಲಿಲ್ಲ. ಆದುದರಿಂದ ಕಡಿಮೆ ಅಪಾಯವೆಂದರೆ ಸುರಕ್ಷತೆಯಲ್ಲ. ಧೂಮಪಾನ ತ್ಯಜಿಸಿದರೆ ಎಲ್ಲ ಜನಾಂಗಗಳ ಮಹಿಳೆಯರಿಗೂ ಅಪಾಯ ತಗ್ಗುತ್ತದೆ.