ಮನರಂಜನಾ ವಾಹನಗಳ ವಿದ್ಯುತ್ ತಂತಿಗಳ ಬಣ್ಣಸಂಕೇತ

ಮನರಂಜನಾ ವಾಹನಗಳ ವಿದ್ಯುತ್ ತಂತಿಗಳ ಬಣ್ಣಸಂಕೇತವು, ಉತ್ತರ ಅಮೆರಿಕದಲ್ಲಿ ಆರ್.ವಿ. ಎಂದು ಕರೆಯಲಾಗುವ ಸಂಚಾರಿ ವಸತಿ ವಾಹನಗಳಲ್ಲಿ ಯಾವ ಬಣ್ಣದ ತಂತಿ ಯಾವ ಕಾರ್ಯಕ್ಕೆ ಎಂಬುದನ್ನು ಸೂಚಿಸುವ ಪದ್ಧತಿಯಾಗಿದೆ. ಸ್ವಂತ ಎಂಜಿನ್ ಉಳ್ಳ ಮೋಟಾರ್‌ಹೋಮ್‌ಗಳೂ, ಬೇರೊಂದು ವಾಹನ ಎಳೆದೊಯ್ಯುವ ಟ್ರೈಲರ್‌ಗಳೂ ಈ ವರ್ಗಕ್ಕೆ ಸೇರುತ್ತವೆ. ಇಂತಹ ವಾಹನದಲ್ಲಿ ಮನೆಬಳಕೆಯ ವಿದ್ಯುತ್ತು, ಬ್ಯಾಟರಿಯ ವಿದ್ಯುತ್ತು ಮತ್ತು ರಸ್ತೆ ಸಂಚಾರದ ದೀಪಗಳ ಜೋಡಣೆ ಎಂಬ ಮೂರು ವ್ಯವಸ್ಥೆಗಳಿದ್ದು, ಪ್ರತಿಯೊಂದರ ಬಣ್ಣಪದ್ಧತಿ ಬೇರೆ ಬೇರೆ ಮೂಲದಿಂದ ಬಂದಿದೆ. ಆದುದರಿಂದ ಒಂದೇ ಬಣ್ಣವು ಒಂದೇ ವಾಹನದೊಳಗೆ ಪರಸ್ಪರ ವಿರುದ್ಧವಾದ ಅರ್ಥಗಳನ್ನು ಕೊಡಬಲ್ಲದು.

120 ವೋಲ್ಟ್ ವ್ಯವಸ್ಥೆ

ಶಿಬಿರತಾಣದ ವಿದ್ಯುತ್ ಕಂಬದಿಂದ ಅಥವಾ ಜನರೇಟರ್‌ನಿಂದ ದೊರೆಯುವ ಪರ್ಯಾಯ ವಿದ್ಯುತ್ತಿಗೆ ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಅನ್ವಯಿಸುತ್ತದೆ. ಅದರ 551ನೆಯ ವಿಧಿ ಈ ವಾಹನಗಳಿಗೆಂದೇ ಮೀಸಲು. ಇಲ್ಲಿ ಕಪ್ಪು ಸಜೀವ ತಂತಿ, ಬಿಳಿ ತಟಸ್ಥ ತಂತಿ. ಹಸಿರು ತಂತಿ ಅಥವಾ ಹೊದಿಕೆಯಿಲ್ಲದ ತಾಮ್ರದ ತಂತಿ ಭೂಸಂಪರ್ಕಕ್ಕೆ. 50 ಆಂಪಿಯರ್ ಸಂಪರ್ಕದಲ್ಲಿ ಕೆಂಪು ಬಣ್ಣದ ಎರಡನೆಯ ಸಜೀವ ತಂತಿಯೂ ಇದ್ದು, ಕಪ್ಪು ಮತ್ತು ಕೆಂಪು ತಂತಿಗಳ ನಡುವೆ 240 ವೋಲ್ಟ್ ಇರುತ್ತದೆ.

ಭಾರತದ ಶಾಲಾ ವಿಜ್ಞಾನ ಪಠ್ಯಗಳಲ್ಲಿ ಕೆಂಪು ಸಜೀವ, ಕಪ್ಪು ತಟಸ್ಥ, ಹಸಿರು ಭೂಸಂಪರ್ಕ ಎಂದು ಕಲಿಸಲಾಗುತ್ತದೆ. ಈ ಪಾಠವನ್ನು ನೆನಪಿಟ್ಟುಕೊಂಡು ಅಮೆರಿಕದಲ್ಲಿ ಇಂತಹ ವಾಹನವನ್ನು ಬಾಡಿಗೆಗೆ ಪಡೆಯುವ ಕನ್ನಡಿಗರು, ಅಲ್ಲಿ ಕಪ್ಪು ತಂತಿಯೇ ಅಪಾಯಕಾರಿ ಎಂಬುದನ್ನು ಮೊದಲು ತಿಳಿಯಬೇಕು.

30 ಆಂಪಿಯರ್ ಸಂಪರ್ಕದಲ್ಲಿ ಇರುವುದು ಮೂರೇ ತಂತಿಗಳು ಮತ್ತು 120 ವೋಲ್ಟ್ ಮಾತ್ರ. ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ 30 ಆಂಪಿಯರ್‌ನ 240 ವೋಲ್ಟ್ ಸಂಪರ್ಕ ಕೊಡುವುದು ಅಲ್ಲಿ ರೂಢಿ. ಆ ಅಭ್ಯಾಸಬಲದಿಂದ ವಾಹನದ ಸಾಕೆಟ್ಟಿಗೂ ಹಾಗೆಯೇ ಎರಡು ಸಜೀವ ತಂತಿಗಳನ್ನು ಜೋಡಿಸಿದರೆ, ವಾಹನದೊಳಗಿನ ಉಪಕರಣಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು.

ವಾಹನದ ಒಳಗಿನ ವಿತರಣಾ ಫಲಕದಲ್ಲಿ ಬಿಳಿ ಮತ್ತು ಹಸಿರು ತಂತಿಗಳನ್ನು ಒಂದುಗೂಡಿಸಬಾರದು. ಒಂದುಗೂಡಿಸಿದ್ದು, ಕಂಬದಲ್ಲಿ ಸಜೀವ ಹಾಗೂ ತಟಸ್ಥ ತಂತಿಗಳು ಅದಲುಬದಲಾಗಿದ್ದರೆ, ವಾಹನದ ಇಡೀ ಲೋಹದ ಮೈಗೆ ವಿದ್ಯುತ್ ಹರಿಯುತ್ತದೆ. ಒದ್ದೆ ನೆಲದ ಮೇಲೆ ನಿಂತು ಬಾಗಿಲಿನ ಹಿಡಿಕೆ ಮುಟ್ಟಿದವರ ಪ್ರಾಣಕ್ಕೆ ಅದು ಸಂಚಕಾರ ತರಬಲ್ಲದು.

12 ವೋಲ್ಟ್ ವ್ಯವಸ್ಥೆ

ದೀಪ, ನೀರಿನ ಪಂಪು, ಫ್ಯಾನುಗಳು ಬ್ಯಾಟರಿಯ ನೇರ ವಿದ್ಯುತ್ತಿನಿಂದ ನಡೆಯುತ್ತವೆ. ಮೋಟಾರು ವಾಹನಗಳ ಸಂಪ್ರದಾಯದಂತೆ ಕೆಂಪು ಧನ, ಕಪ್ಪು ಋಣ. ಟ್ರೈಲರ್ ತಯಾರಕರ ಸಂಪ್ರದಾಯದಲ್ಲಿಯಾದರೋ ಕಪ್ಪು ಧನ, ಬಿಳಿ ಋಣ. ಗೊಂದಲದ ಮೂಲ ಇರುವುದು ಇಲ್ಲಿಯೇ. ಬ್ಯಾಟರಿಯನ್ನು ಬದಲಿಸುವವರು ರೂಢಿಯಂತೆ ಕಪ್ಪನ್ನು ಋಣಾಗ್ರಕ್ಕೆ ಜೋಡಿಸಿದಾಗ, ಅದೃಷ್ಟವಿದ್ದರೆ ಕನ್ವರ್ಟರ್‌ನ ರಕ್ಷಣಾ ಫ್ಯೂಸ್ ಮಾತ್ರ ಹೋಗುತ್ತದೆ. ಇಲ್ಲವಾದರೆ ಎಲೆಕ್ಟ್ರಾನಿಕ್ ಭಾಗಗಳೂ ಹಾಳಾಗುತ್ತವೆ.

12 ವೋಲ್ಟ್ ಎಂದೊಡನೆ ನಿರಪಾಯಕಾರಿ ಎಂದು ಭಾವಿಸುವುದು ಸಲ್ಲದು. 1200 ವಾಟ್ ಸಾಮರ್ಥ್ಯದ ಉಪಕರಣ 120 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ, 12 ವೋಲ್ಟಿನಲ್ಲಿ 100 ಆಂಪಿಯರ್ ಎಳೆಯುತ್ತದೆ. ತೆಳು ತಂತಿ ಕಾದು ಬೆಂಕಿ ಹೊತ್ತಿಕೊಳ್ಳಲು ಅಷ್ಟು ಸಾಕು. ಅಮೆರಿಕದ ದೋಣಿಗಳ ಮಾನಕದಲ್ಲಿ, ಕಪ್ಪಿನ ಈ ಗೊಂದಲವನ್ನು ತಪ್ಪಿಸಲೆಂದೇ ಋಣ ತಂತಿಗೆ ಹಳದಿ ಬಣ್ಣವನ್ನು ಬಳಸುವ ಅವಕಾಶವಿದೆ. ಇಷ್ಟು ಸರಳ ಉಪಾಯ ನೆಲದ ವಾಹನಗಳಲ್ಲಿ ಬೇರೂರದಿರುವುದು ಸೋಜಿಗವೇ ಸರಿ.

ಏಳು ಪಿನ್ನುಗಳ ಜೋಡಣೆ

ಎಳೆಯುವ ವಾಹನಕ್ಕೂ ಟ್ರೈಲರ್‌ಗೂ ನಡುವಿನ ಕೇಬಲ್ಲಿನಲ್ಲಿ ಬಿಳಿ ಋಣ, ನೀಲಿ ವಿದ್ಯುತ್ ಬ್ರೇಕ್, ಕಪ್ಪು ಬ್ಯಾಟರಿ ಚಾರ್ಜ್ ಎಂಬಷ್ಟರಲ್ಲಿ ಬಹುಮಟ್ಟಿಗೆ ಒಮ್ಮತವಿದೆ. ಉಳಿದವುಗಳಲ್ಲಿ ಇಲ್ಲ. ಆರ್.ವಿ. ಸಂಪ್ರದಾಯದಲ್ಲಿ ಹಸಿರು ಹಿಂಬದಿ ದೀಪಗಳಿಗೆ, ಕೆಂಪು ಎಡ ತಿರುವು ಮತ್ತು ನಿಲುಗಡೆಗೆ, ಕಂದು ಬಲ ತಿರುವು ಮತ್ತು ನಿಲುಗಡೆಗೆ. ಎಸ್‌ಎಇ ಪದ್ಧತಿಯಲ್ಲಿ ಕಂದು ಹಿಂಬದಿ ದೀಪಗಳಿಗೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಎರಡೂ ಬಗೆಯ ಕೇಬಲ್ಲುಗಳನ್ನು ಬಣ್ಣ ನೋಡಿ ಬೆಸೆದರೆ, ಬಲಕ್ಕೆ ತಿರುಗುವ ಸೂಚನೆ ಕೊಟ್ಟಾಗ ಹಿಂಬದಿ ದೀಪಗಳೆಲ್ಲ ಮಿನುಗುತ್ತವೆ. ಹೀಗಾಗಿ ಜೋಡಣೆಯನ್ನು ಪಿನ್ನಿನ ಸ್ಥಾನದಿಂದ ಗುರುತಿಸುವುದು ಲೇಸು. ಯುರೋಪಿನ ಕ್ಯಾರವಾನ್‌ಗಳ ಕ್ರಮ ಬೇರೆಯೇ ಆಗಿದ್ದು, ಅಲ್ಲಿ ಕಪ್ಪು ಎಡಬದಿಯ ಹಿಂಬದಿ ದೀಪದ ತಂತಿ.

ಪರಿಶೀಲನೆ

ಬಣ್ಣವು ಸುಳಿವು ಮಾತ್ರ. ಹಿಂದಿನ ಮಾಲೀಕರು ಕೈಗೆ ಸಿಕ್ಕ ತಂತಿಯಿಂದ ರಿಪೇರಿ ಮಾಡಿರಬಹುದು. ಬಿಳಿ ತಂತಿಯ ತುದಿಗೆ ಕಪ್ಪು ಟೇಪು ಸುತ್ತಿದ್ದರೆ ಅದು ಸಜೀವ ತಂತಿಯೆಂದು ತಿಳಿಯಬೇಕು. ಕೆಲಸಕ್ಕೆ ಮುನ್ನ ಹೊರಗಿನ ಸಂಪರ್ಕ, ಜನರೇಟರ್, ಇನ್ವರ್ಟರ್ ಹಾಗೂ ಬ್ಯಾಟರಿಯನ್ನು ಬೇರ್ಪಡಿಸಿ, ಮಲ್ಟಿಮೀಟರನ್ನು ಪರ್ಯಾಯ ಹಾಗೂ ನೇರ ವಿದ್ಯುತ್ತಿನ ಎರಡೂ ಶ್ರೇಣಿಗಳಲ್ಲಿಟ್ಟು ಪರೀಕ್ಷಿಸಬೇಕು. ಛಾವಣಿಯಲ್ಲಿ ಸೌರಫಲಕವಿದ್ದರೆ, ಬಿಸಿಲಿರುವವರೆಗೂ ಅದರ ತಂತಿಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.